ದಿಬ್ಬದ ಮೇಲಿನ ಆರಡಿ ಡಿಶ್

ಸಂಜೆ ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ವ್ಯಾನು ಮೊದಲ ಸಲ ನಡುಗಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಆಗ ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು. ಡಿಶ್ಶನ್ನು ಯಾವ ಕೋನಕ್ಕೆ ತಿರುಗಿಸಿದಾಗ ಟಿ.ವಿ.ಯಲ್ಲಿ ಏನು ಕಂಡಿತು ಎಂಬುದನ್ನು ಹೊತ್ತಿನ ಸಮೇತ ಬರೆದುಕೊಳ್ಳುತ್ತಿದ್ದೆ. ‘ನಾಲ್ಕು ಇಪ್ಪತ್ತು, ಚಿತ್ರ ಬಂತು, ಚುಕ್ಕೆ ಕಡಿಮೆ’ ಎಂಬುದು ಆ ಪುಟದ ಕೊನೆಯ ಸಾಲು. ಆಮೇಲೆ ವಾಚು ನೋಡಿ ‘ನಾಲ್ಕು ಇಪ್ಪತ್ತೆರಡು’ ಎಂದು ಬರೆದಿದ್ದೇನೆ, ಅದರ ಮುಂದೆ ಏನೂ ಇಲ್ಲ.

ವ್ಯಾನಿನೊಳಗೆ ಅಮ್ಮ ಒಬ್ಬಳೇ ಇದ್ದಳು, ಟಿ.ವಿ.ಯ ಮುಂದೆ. ಅಪ್ಪ ಹೊರಗೆ ಡಿಶ್ಶಿನ ಹತ್ತಿರ, ಸೋದರಮಾವ ಅವನ ಪಕ್ಕದಲ್ಲಿ, ನಾನು ಇಬ್ಬರಿಗೂ ವ್ಯಾನಿಗೂ ನಡುವೆ. ವ್ಯಾನು ನಡುಗಿದಾಗ ನಾಲ್ವರಲ್ಲಿ ಒಬ್ಬರೂ ಕದಲಲಿಲ್ಲ. ಬೇರೆ ಊರಿನವರಾಗಿದ್ದರೆ ಒಳಗಿದ್ದವರು ಹಾರಿ ಹೊರಗೆ ಬರುತ್ತಿದ್ದರು. ನಮ್ಮದು ಕೆ.ಜಿ.ಎಫ್. ಗಣಿಯ ಆಳದಲ್ಲಿ ಬಂಡೆ ಭಾರ ತಾಳಲಾರದೆ ಸಿಡಿದರೆ ಮೇಲಿನ ಮನೆಗಳೆಲ್ಲ ಅದುರುತ್ತವೆ. ಅದಕ್ಕೆ ನಾವು ಏರ್‌ಬ್ಲಾಸ್ಟ್ ಅನ್ನುತ್ತೇವೆ. ಆಗ ನಮ್ಮ ಹೆಂಗಸರು ಮೊದಲು ಮಾಡುವ ಕೆಲಸ, ಪಾತ್ರೆಯ ಸ್ಟ್ಯಾಂಡಿಗೆ ಕೈ ಕೊಟ್ಟು ನಿಲ್ಲುವುದು. ಅದುರು ನಿಂತ ಮೇಲೆ, ಗಂಡ ಶಿಫ್ಟಿನಲ್ಲಿದ್ದರೆ ಸೆರಗು ಸಿಕ್ಕಿಸಿಕೊಂಡು ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಓಡುವುದು. ಅಪ್ಪ ಆಗಲೇ ಕೆಲಸ ಬಿಟ್ಟಿದ್ದ, ಕಣ್ಣೆದುರಿಗೇ ಇದ್ದ. ಹಾಗಾಗಿ ಅಮ್ಮನಿಗೆ ಉಳಿದದ್ದು ಮೊದಲನೆಯ ಕೆಲಸ ಮಾತ್ರ. ಎರಡೂ ಕೈ ಚಾಚಿ ಟಿ.ವಿ.ಯನ್ನು ಹಿಡಿದುಕೊಂಡಳು.

“ಬ್ಲಾಸ್ಟು ಕಣೇ. ಯಾವ ಕಡೇದು ಅಂತ ಕೇಳು ನಿಮ್ಮಪ್ಪನ್ನ” ಎಂದಳು ನನಗೆ, ಟಿ.ವಿ. ಬಿಡದೆ.

ಅದು ಬ್ಲಾಸ್ಟ್ ಆಗಿರಲಿಲ್ಲ. ನಾವಿದ್ದದ್ದು ಸೈನೈಡ್ ದಿಬ್ಬದ ನೆತ್ತಿಯ ಮೇಲೆ, ಚಿನ್ನ ತೆಗೆದ ಮೇಲೆ ಉಳಿದ ಬಿಳಿಚು ಮರಳು ನೂರು ವರ್ಷ ಬಿದ್ದು ಬಿದ್ದು ಗುಡ್ಡವಾದ ಜಾಗ. ವ್ಯಾನಿನ ಹಿಂದಿನ ಚಕ್ರದ ಕೆಳಗೆ ಆ ಮರಳು ಜಾರಲು ಶುರುವಾಗಿತ್ತು.

ನಾವು ಅಲ್ಲಿಗೆ ಹೋದದ್ದು ಹೇಗೆ ಎಂಬುದನ್ನು ಹೇಳದಿದ್ದರೆ ಇದು ಹುಚ್ಚರ ಕಥೆಯಂತೆ ಕಾಣುತ್ತದೆ.

ಅಪ್ಪ ಗಣಿಯಲ್ಲಿ ರಿಗ್ಗರ್ ಆಗಿದ್ದ. ಶಾಫ್ಟಿನೊಳಗೆ ಭಾರದ ಯಂತ್ರ, ಪೈಪು, ತೊಲೆ ಯಾವುದನ್ನು ಇಳಿಸಬೇಕಾದರೂ ಉಕ್ಕಿನ ಹಗ್ಗ, ರಾಟೆ, ಸರಪಳಿಗಳನ್ನು ಕಟ್ಟುವವರು ರಿಗ್ಗರ್‌ಗಳು. ತೊಂಬತ್ತರ ದಶಕದ ಮೊದಲಲ್ಲಿ ಗಣಿಯ ಕೆಲಸ ಕುಗ್ಗುತ್ತಾ ಬಂದು ಅವನು ಸ್ವಯಂ ನಿವೃತ್ತಿ ತೆಗೆದುಕೊಂಡ. ಕೋರಮಂಡಲ್‌ನ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ನಮ್ಮ ಮನೆಯ ಮುಂದೆ ಒಂದು ಹಳೆಯ ಡೀಸೆಲ್ ವ್ಯಾನು ಬಂದು ನಿಂತಿತು. ಒಳಗಿನ ಸೀಟು ಕಿತ್ತು ಎರಡು ಮಂಚ ಹಾಕಿದ, ಸ್ಟೌವಿಗೆ ಕಟ್ಟೆ ಮಾಡಿದ, ನೀರಿನ ಡ್ರಮ್ಮಿಗೆ ನಲ್ಲಿ ಕೂರಿಸಿದ. ಇಪ್ಪತ್ತೇಳು ವರ್ಷ ಭೂಮಿಯೊಳಗೆ ಇಳಿದವನಿಗೆ ಒಂದು ಆಸೆ ಇತ್ತು. ಹೆಂಡತಿಯನ್ನು ಕಾಶಿಗೆ, ಅಲ್ಲಿಂದ ನೇಪಾಳಕ್ಕೆ ಕರೆದುಕೊಂಡು ಹೋಗಿ ಹಿಮದ ಬೆಟ್ಟ ತೋರಿಸಬೇಕು. ಅದೂ ಬಸ್ಸಿನವನ ಗಡಿಬಿಡಿಗೆ ಸಿಕ್ಕದೆ, ತನ್ನ ಮನೆಯನ್ನು ತಾನೇ ಎಳೆದುಕೊಂಡು.

ಅಮ್ಮ ಕಾಮಸಮುದ್ರದ ಕಡೆಯ ಒಕ್ಕಲು ಮನೆಯವಳು. ಕನ್ನಡ, ತೆಲುಗು, ತಮಿಳು ಮೂರೂ ಅವಳ ನಾಲಿಗೆಯಲ್ಲಿ ಸಲೀಸಾಗಿ ಓಡಾಡುತ್ತಿದ್ದವು. ಮೂರೂ ನಡೆಯದ ಊರನ್ನು ಅವಳು ಕಂಡಿರಲಿಲ್ಲ. ಬರುತ್ತೇನೆ ಎಂದಳು, ಆದರೆ ಒಂದು ಮಾತು ಹೇಳಿದಳು.

“ಎರಡು ತಿಂಗಳು ಅಂದ್ರೆ ಸುಮ್ನೆ ಅಲ್ಲ. ಸಂಜೆ ಒಂದ್ ಗಳಿಗೆ ನಮ್ ಮಾತು ಆಡೋ ಮುಖ ಕಾಣ್ಬೇಕು ನಂಗೆ.”

“ನಮ್ ಮುಖ ಸಾಲ್ದೇನಕ್ಕಾ?” ಎಂದ ಮಾವ. ಅವನು ಅಮ್ಮನ ತಮ್ಮ, ಬಂಗಾರಪೇಟೆಯಲ್ಲಿ ಖಾಸಗಿ ಬಸ್ಸಿನ ಡ್ರೈವರು. ನಮ್ಮ ವ್ಯಾನು ಓಡಿಸುವವನೂ ಅವನೇ.

“ನಿನ್ ಮುಖ ನೋಡಿ ನೋಡಿ ಸಾಕಾಗೈತೆ, ಓಗ್ಲಾ.”

ರೇಡಿಯೋ ಸಾಕು ಎಂದು ಮಾವ ವಾದ ಮಾಡಿದ. ಅಪ್ಪ ವಾದ ಮಾಡಲಿಲ್ಲ. ಹೆಂಡತಿ ಕೇಳಿದ್ದು ಅವನಿಗೆ ಹಗ್ಗ ಕಟ್ಟಿ ಇಳಿಸಬೇಕಾದ ಇನ್ನೊಂದು ಯಂತ್ರದಂತೆ ಕಂಡಿತು. “ಡಿಶ್ ಇಟ್ರೆ ಆಯ್ತು” ಎಂದ. ನನ್ನ ಕಡೆ ತಿರುಗಿ, “ನೀನು ಬಿ.ಎಸ್ಸಿ. ಫಿಸಿಕ್ಸು ಓದಿದ್ದು ಇದುಕ್ಕೇ ಕಣಮ್ಮ” ಎಂದ. ಆ ಮಾತಿನಿಂದ ನನ್ನ ತಲೆ ಎಷ್ಟು ಮೇಲಕ್ಕೆ ಹೋಯಿತೆಂದರೆ ಕೆಳಗಿಳಿಯಲು ದಿಬ್ಬವೇ ಕುಸಿಯಬೇಕಾಯಿತು.

ಬಂಗಾರಪೇಟೆಯಲ್ಲಿ ಕೇಬಲ್ ನಡೆಸುತ್ತಿದ್ದ ಒಬ್ಬರ ಅಂಗಡಿಗೆ ಹೋದೆವು. ಅವರ ಮಾಳಿಗೆಯ ಮೇಲೆ ಹನ್ನೆರಡು ಅಡಿಯ ಡಿಶ್ ಆಕಾಶಕ್ಕೆ ಬಾಯಿ ತೆರೆದು ಕೂತಿತ್ತು. ವ್ಯಾನಿಗೆ ಡಿಶ್ ಬೇಕು, ನೇಪಾಳಕ್ಕೆ ಹೋಗಬೇಕು ಎಂದಾಗ ಅಂಗಡಿಯವರು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದರು.

“ಮನೆ ಮೇಲೆ ಇಡೋರ್ನ ನೋಡಿವ್ನಿ, ಮದ್ವೆ ಛತ್ರಕ್ಕೆ ಇಟ್ಟೋರ್ನ ನೋಡಿವ್ನಿ. ಬಂಡಿ ಮೇಲೆ ಏರ್ಕಂಡು ದೇಶ ಬಿಟ್ಟು ಓಗೋರ್ನ ಇವತ್ತೇ ಕಂಡಿದ್ದು” ಎಂದರು. ಆದರೂ ತಮಾಷೆ ಮಾಡಿ ಕಳಿಸಲಿಲ್ಲ, ಇದ್ದದ್ದನ್ನೆಲ್ಲ ತೆಗೆದು ತೋರಿಸಿದರು. ಎಂಟಡಿಯ ಫೈಬರ್ ಡಿಶ್, ಒಂದೇ ಅಚ್ಚಿನದು. ಚಿತ್ರ ಗಟ್ಟಿಯಾಗಿ ಬರುತ್ತದೆ, ಆದರೆ ಇಬ್ಬರು ಎತ್ತಬೇಕು. ಇನ್ನೊಂದು ಆರಡಿಯದು, ಅಲ್ಯೂಮಿನಿಯಂ ಜಾಲರಿಯದು, ಎಂಟು ಎಸಳಾಗಿ ಬಿಚ್ಚಿ ಮಂಚದ ಕೆಳಗೆ ಮಲಗಿಸಬಹುದು. ಆದರೆ ಅಷ್ಟು ಚಿಕ್ಕದಕ್ಕೆ ನಮ್ಮ ಚಾನೆಲ್ಲುಗಳು ಚುಕ್ಕೆ ಚುಕ್ಕೆಯಾಗಿ ಬರುತ್ತವೆ ಎಂದರು.

ಮಾವನ ಒಲವು ಎಂಟಡಿಯ ಕಡೆಗೆ. ಅದನ್ನು ವ್ಯಾನಿನ ನೆತ್ತಿಗೇ ಬಿಗಿದುಬಿಡಬೇಕು, ಊರೂರಲ್ಲಿ ಜನ ನಿಂತು ನೋಡಬೇಕು ಎಂಬುದು ಅವನ ಲೆಕ್ಕ. ಅಪ್ಪ ಫೈಬರ್ ಡಿಶ್ಶಿನ ಬೆನ್ನು ತಟ್ಟಿ ನೋಡಿದ, ಜಾಲರಿಯ ತೂತುಗಳಿಗೆ ಬಾಯಿಟ್ಟು ಉಫ್ ಎಂದು ಊದಿದ. “ಇದು ಗಾಳಿನ ಬಿಟ್ಕೊಡ್ತದೆ. ಅದು ತಡ್ಕೊಂತದೆ. ತಡ್ಕೊಂಡಿದ್ದನ್ನ ಹಿಡಿಯೋಕೆ ಹಗ್ಗ ಯಾರ್ ಕೊಡ್ತಾರೆ?” ಎಂದ. ನೆತ್ತಿಯ ಮೇಲೆ ಬಿಗಿಯುವುದಂತೂ ಬೇಡವೇ ಬೇಡ, ಒಳಗೆ ಯಾರೋ ಮಗ್ಗುಲು ಬದಲಿಸಿದರೂ ಚಿತ್ರ ಹೋಗುತ್ತದೆ, ನೆಲದ ಮೇಲೆ ಮೂರು ಕಾಲಿನ ಸ್ಟ್ಯಾಂಡು ಊರಿ ಹಗ್ಗದಿಂದ ಬಿಗಿಯೋಣ ಎಂದ.

ಉಳಿದದ್ದು ಚುಕ್ಕೆಯ ಸಮಸ್ಯೆ. ಅದನ್ನು ಬಿಡಿಸಿದ್ದು ನಾನು. ಡಿಶ್ಶಿನ ಮುಂದೆ ಕೂರುವ ಪುಟ್ಟ ಡಬ್ಬಿಗೆ ಎಲ್‌ಎನ್‌ಬಿ ಅನ್ನುತ್ತಾರೆ. ಡಿಶ್ ಒಟ್ಟು ಮಾಡಿದ ಸಂಕೇತವನ್ನು ಹಿಗ್ಗಿಸುವುದು ಅದರ ಕೆಲಸ. ಆದರೆ ಹಿಗ್ಗಿಸುವಾಗ ತನ್ನದೂ ಸ್ವಲ್ಪ ಗದ್ದಲ ಸೇರಿಸುತ್ತದೆ. ಗದ್ದಲದ ಅಂಕಿ ಚಿಕ್ಕದಾದಷ್ಟೂ ಡಬ್ಬಿ ಒಳ್ಳೆಯದು. ದೊಡ್ಡ ಡಿಶ್ಶಿಗೆ ಸಾಧಾರಣ ಡಬ್ಬಿಯ ಬದಲು ಚಿಕ್ಕ ಡಿಶ್ಶಿಗೆ ಅತ್ಯುತ್ತಮ ಡಬ್ಬಿ ಹಾಕೋಣ ಎಂದೆ. ಕಾಲೇಜಿನ ಲೈಬ್ರರಿಯ ಒಂದು ಪತ್ರಿಕೆಯಿಂದ ಉಪಗ್ರಹದ ಸಂಕೇತ ಎಲ್ಲೆಲ್ಲಿ ಎಷ್ಟು ಬೀಳುತ್ತದೆ ಎಂಬ ನಕ್ಷೆಯನ್ನು ಎಣ್ಣೆ ಕಾಗದ ಇಟ್ಟು ಗೆರೆ ತಿದ್ದಿಕೊಂಡು ಬಂದಿದ್ದೆ. ನೇಪಾಳದ ತಗ್ಗಿನ ಊರುಗಳು ಗೆರೆಯ ಒಳಗೇ ಇದ್ದವು. ಅಂಗಡಿಯವರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. “ಇಪ್ಪತ್ತು ಡಿಶ್ಶು ಕೂರ್ಸಿವ್ನಿ, ಒಬ್ರೂ ಈ ಲೆಕ್ಕ ಕೇಳ್ಲಿಲ್ಲ. ತಗಂಡೋಗಮ್ಮ, ಬರ್ಲಿಲ್ಲ ಅಂದ್ರೆ ವಾಪಸ್ ತತ್ತಾ” ಎಂದರು. ಅಪ್ಪ ಕಾಗದವನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡ. ಮನೆಗೆ ಬರುವ ಮೊದಲು ಆಂಡರ್ಸನ್‌ಪೇಟೆಯಲ್ಲಿ ವ್ಯಾನು ನಿಲ್ಲಿಸಿ ಪರಿಚಯದವರಿಗೆಲ್ಲ ಎಣ್ಣೆ ಕಾಗದ ತೋರಿಸಿದ.

ಇನ್ನು ಪರೀಕ್ಷೆ ಮಾಡಬೇಕಿತ್ತು. ಎಲ್ಲಿ ಎಂದಾಗ ಅಪ್ಪ, ಮಾವ ಇಬ್ಬರೂ ಒಂದೇ ಬಾಯಿಂದ ದಿಬ್ಬ ಎಂದರು. ನಮ್ಮ ಊರಿನಲ್ಲಿ ಟಿ.ವಿ. ಅಂದರೆ ಎತ್ತರ. ಮದ್ರಾಸಿನ ಚಿತ್ರ ಬೇಕೆಂದರೆ ಇಪ್ಪತ್ತಡಿ ಪೈಪಿನ ಮೇಲೆ ಆಂಟೆನಾ, ಇನ್ನೂ ಚೆನ್ನಾಗಿ ಬೇಕೆಂದರೆ ಮೂವತ್ತಡಿ. ಎತ್ತರ ಹೋದವನಿಗೆ ಚಿತ್ರ ಸಿಗುತ್ತದೆ ಎಂಬುದು ಲೈನಿನ ಪ್ರತಿ ಮನೆಗೂ ಗೊತ್ತಿದ್ದ ವಿದ್ಯೆ. ಉಪಗ್ರಹ ಮೂವತ್ತಾರು ಸಾವಿರ ಕಿಲೋಮೀಟರ್ ಆಚೆ ಇದೆ, ದಿಬ್ಬದ ನೂರಡಿಯಿಂದ ಏನೂ ಆಗುವುದಿಲ್ಲ, ನಮ್ಮ ಅಂಗಳವೇ ಸಾಕು ಎಂಬುದು ನನಗೆ ಗೊತ್ತಿತ್ತು. ಒಂದು ಸಲ ಹೇಳಿದೆ. “ಮೇಲಕ್ಕೆ ಓದಷ್ಟೂ ಅತ್ರ ತಾನೇ?” ಎಂದು ಮಾವ ನಕ್ಕ. ನಾನೂ ನಕ್ಕು ಬಿಟ್ಟೆ. ದಿಬ್ಬದ ಮೇಲಿಂದ ಊರಿಗೆಲ್ಲ ನಮ್ಮ ಡಿಶ್ ಕಾಣುತ್ತದೆ ಎಂಬ ಆಸೆ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ.

ದಿಬ್ಬದ ಇಳಿಜಾರಿನ ಕಡೆಯಿಂದ ಲಾರಿ ಹತ್ತಿದ ಹಳೆಯ ದಾರಿ ಇತ್ತು. ಸೆಪ್ಟೆಂಬರಿನ ಮಳೆ ನಿಂತು ವಾರವಾಗಿತ್ತು. ಮೇಲ್ಪದರ ಒಣಗಿ ಗಾರೆಯಂತೆ ಗಟ್ಟಿಯಾಗಿ ಕಾಣುತ್ತಿತ್ತು. ಮಳೆಯ ನೀರು ಆ ಪದರದ ಕೆಳಗೆ ಹೊಕ್ಕು ಸುರಂಗ ಕೊರೆದಿರುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ.

ಅಪ್ಪ ಡಿಶ್ಶನ್ನು ನೆತ್ತಿಯ ನಡುವೆ ಊರಿದ. ಮರಳಿಗೆ ಗೂಟ ನಿಲ್ಲುವುದಿಲ್ಲ ಎಂದು ಸೊಂಟದಾಳ ಗುಂಡಿ ತೋಡಿಸಿ, ರೈಲು ಹಳಿಯ ಕೆಳಗಿನ ಹಳೆಯ ಮರದ ಸ್ಲೀಪರ್ ಒಂದನ್ನು ಅಡ್ಡಲಾಗಿ ಹೂತು, ಅದರ ನಡುವಿನಿಂದ ಉಕ್ಕಿನ ಹಗ್ಗ ಮೇಲಕ್ಕೆ ತಂದು ಡಿಶ್ಶಿನ ಕಂಬಕ್ಕೆ ಬಿಗಿದ, ಉಳಿದ ಉದ್ದವನ್ನು ಕತ್ತರಿಸದೆ ಬುಡದಲ್ಲೇ ಸುರುಳಿ ಮಾಡಿಟ್ಟ. ಗುಂಡಿ ತೋಡಿದ ಮಾವ ಬೆವರು ಒರೆಸಿಕೊಂಡು, “ಭಾವ, ಇದು ಛತ್ರಿ. ಆನೆ ಅಲ್ಲ” ಎಂದ.

“ಕಟ್ಟೋವಾಗ ಆನೆ ಅಂತಲೇ ಕಟ್ಬೇಕು ಕಣಯ್ಯ. ಆಮೇಲೆ ಛತ್ರಿ ಆದ್ರೆ ನಷ್ಟ ಇಲ್ಲ.”

ಕೇಬಲ್ ಎಳೆದು, ಟಿ.ವಿ.ಗೆ ಬ್ಯಾಟರಿ ಕೊಟ್ಟೆವು. ಟಿ.ವಿ. ಡ್ರೈವರ್ ಸೀಟಿನ ಹಿಂದಿನ ಹಲಗೆಯ ಮೇಲೆ, ಅಮ್ಮ ಎದುರಿನ ಮಂಚದ ಮೇಲೆ. ಪಡುವಣ ಬಿಸಿಲು ಹಿಂದಿನ ಕಿಟಕಿಯಿಂದ ತೂರಿ ನೇರವಾಗಿ ಪರದೆಗೆ ಬೀಳುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ವ್ಯಾನನ್ನು ತಿರುಗಿಸಬೇಕು ಎಂದೆ. ಮಾವ ಮೂತಿಯನ್ನು ಪಡುವಣಕ್ಕೆ ಮಾಡಿ ಹಿಂದಕ್ಕೆ ಬಂದ. ಹಿಂದಿನ ಬಿಳಿ ಮರಳಿಗೆ ಬಡಿದ ಬಿಸಿಲು ಇನ್ನೂ ಸ್ವಲ್ಪ ಪರದೆಗೆ ಎರಚುತ್ತಿತ್ತು.

“ಇನ್ನೊಂಚೂರು ಹಿಂದಕ್ಕೆ, ಮಾವ” ಎಂದೆ. ಅವನು ಬಂದ. “ಇನ್ನೊಂಚೂರು.”

ಆ ‘ಇನ್ನೊಂಚೂರು’ ಈಗಲೂ ನನಗೆ ಕೇಳಿಸುತ್ತದೆ. ಬಸ್ಸಿನಲ್ಲಿ ಕೂತಾಗ, ಅಕ್ಕಿ ತೊಳೆಯುವಾಗ, ಕ್ಲಾಸಿನಲ್ಲಿ ಪಾಠ ಮಾಡುವಾಗ ಹಲಗೆಗೆ ಬೆನ್ನು ಮಾಡಿ ನಿಂತರೂ ಕೇಳಿಸುತ್ತದೆ. ನನ್ನದೇ ಧ್ವನಿ, ಖುಷಿಯ ಧ್ವನಿ. ಹಿಂದಿನ ಚಕ್ರಗಳು ದಿಬ್ಬದ ಅಂಚಿಗೆ ಎರಡು ಮಾರು ದೂರಕ್ಕೆ ಬಂದು ನಿಂತವು.

ಇದಾಗಿ ಮುಕ್ಕಾಲು ಗಂಟೆಗೆ ಚಿತ್ರ ಬಂತು, ಎರಡು ನಿಮಿಷಕ್ಕೆ ವ್ಯಾನು ನಡುಗಿತು.

ಅಮ್ಮ ಕೇಳಿದ್ದನ್ನು ನಾನು ಕೂಗಿ ಹೇಳಿದೆ: “ಅಪ್ಪಾ, ಬ್ಲಾಸ್ಟು ಯಾವ ಕಡೇದು?” ಅಪ್ಪ ಬಗ್ಗಿ ನೆಲಕ್ಕೆ ಅಂಗೈ ಊರಿದ. ಆಮೇಲೆ ಕೆಳಗೆ ಲೈನುಗಳ ಕಡೆ ನೋಡಿದ. ಬ್ಲಾಸ್ಟ್ ಆದರೆ ನಾಯಿಗಳು ಬೊಗಳುತ್ತವೆ, ಶಿಫ್ಟಿನವರ ಮನೆಯ ಹೆಂಗಸರು ಬೀದಿಗೆ ಬರುತ್ತಾರೆ. ಕೆಳಗೆ ಬಟ್ಟೆ ಒಣಗುತ್ತಿದ್ದವು, ಯಾರೂ ಹೊರಗೆ ಬಂದಿರಲಿಲ್ಲ. ಅವನ ಮುಖ ಬದಲಾದದ್ದನ್ನು ನಾನು ನೋಡಿದೆ.

“ನೆಲದ್ದಲ್ಲ. ದಿಬ್ಬದ್ದು” ಎಂದ.

ಅಷ್ಟರಲ್ಲಿ ಎಡಗಡೆಯ ಹಿಂದಿನ ಚಕ್ರ ಮೊಳದಷ್ಟು ಕೆಳಗಿಳಿಯಿತು. ವ್ಯಾನು ಹಿಂದಕ್ಕೆ ವಾಲಿತು. ಅಮ್ಮ ಎದ್ದೇಳಲು ಹೋದಳು.

“ಏಳ್ಬೇಡ. ಕೂತಂಗೇ ಇರು” ಎಂದ ಅಪ್ಪ. ಕೂಗಲಿಲ್ಲ. ಶಾಫ್ಟಿನಲ್ಲಿ ಜೊತೆಯವನಿಗೆ ಹೇಳುವಂತೆ ಹೇಳಿದ. ಮಾವ ಡ್ರೈವರ್ ಬಾಗಿಲ ಕಡೆ ಓಡುತ್ತಿದ್ದ, ಎಂಜಿನ್ ಚಾಲೂ ಮಾಡಿ ಮುಂದಕ್ಕೆ ಎಳೆಯಲು. “ಲೇ, ಕೀ ಮುಟ್ಟಬೇಡ. ಎಂಜಿನ್ ಅದುರಿದ್ರೆ ಅಂಚು ಓಯ್ತದೆ.” ಮಾವ ನಿಂತಲ್ಲೇ ನಿಂತ. ಬಸ್ಸಿನಲ್ಲಿ ಯಾರ ಮಾತೂ ಕೇಳದವನು ಅಂದು ಕೇಳಿದ.

ಅಪ್ಪ ಡಿಶ್ಶಿನ ಕಂಬದಿಂದ ಉಕ್ಕಿನ ಹಗ್ಗ ಬಿಚ್ಚಿದ. ಅದರ ತುದಿ ಹಿಡಿದು ಹೊಟ್ಟೆಯ ಮೇಲೆ ತೆವಳಿಕೊಂಡು ವ್ಯಾನಿನ ಮೂತಿಗೆ ಹೋದ. ನನಗೆ ಸ್ಪ್ಯಾನರು, ಹಗ್ಗವನ್ನು ಕಚ್ಚಿ ಹಿಡಿಯುವ ಕ್ಲಾಂಪುಗಳನ್ನು ತಂದುಕೊಡಲು ಹೇಳಿದ. ನಾನೂ ತೆವಳಿದೆ. ಮುಂದಿನ ಕೊಕ್ಕೆಗೆ ಹಗ್ಗ ಸುತ್ತಿ, ಮಡಚಿ, ಮೊದಲ ಕ್ಲಾಂಪು ಬಿಗಿದ. ಎರಡನೆಯದು ಬಿಗಿದ.

“ಆಯ್ತಾ ಅಪ್ಪಾ?”

“ಎಷ್ಟು ಬಿತ್ತು?”

“ಎರಡು.”

“ಮೂರಾಗೋವರ್ಗೂ ಆಯ್ತು ಅನ್ಬಾರ್ದು.”

ಮೂರನೆಯದನ್ನು ಅವನು ಎಷ್ಟು ನಿಧಾನವಾಗಿ ಬಿಗಿದನೆಂದರೆ ನನಗೆ ಅವನ ಕೈಯನ್ನು ಕಚ್ಚಬೇಕೆನಿಸಿತು. ಈಗ ಯೋಚಿಸಿದರೆ ಒಂದು ನಿಮಿಷವೂ ಆಗಿರಲಾರದು. ಗಾಜಿನೊಳಗಿಂದ ಅಮ್ಮ ಕಾಣುತ್ತಿದ್ದಳು. ಟಿ.ವಿ. ಅವಳ ಮೇಲೆ ಜಾರದಂತೆ ಎರಡು ಕೈಯಿಂದಲೂ ತಡೆದು, ಬೆನ್ನನ್ನು ಹಿಂದಿನ ಬಾಗಿಲಿಗೆ ಕೊಟ್ಟು ಕೂತಿದ್ದಳು. ಬಿಟ್ಟರೆ ಅದು ಎದೆಗೆ ಬೀಳುತ್ತಿತ್ತು, ಹಿಡಿದರೆ ಅವಳು ಬರುವಂತಿರಲಿಲ್ಲ. ಪರದೆ ಅವಳ ಕಡೆಗಿತ್ತು, ಚಿತ್ರ ಹೋಗಿ ಓಡುತ್ತಿದ್ದ ಚುಕ್ಕೆಗಳ ಬೆಳಕು ಅವಳ ಮುಖದ ಮೇಲೆ ಮಿನುಗುತ್ತಿತ್ತು.

“ಈಗ ಟಿ.ವಿ.ನ ಪಕ್ಕಕ್ಕೆ ಉರುಳ್ಸಿ, ಸೀಟು ಹತ್ತಿ ಮುಂದಿನ ಬಾಗಿಲಿಂದ ಬಾ.”

“ಒಡೆದೋಯ್ತದೆ” ಎಂದಳು ಅಮ್ಮ ಒಳಗಿಂದ.

“ಒಡೀಲಿ.”

“ಒಸಾದು.”

“ಅದ್ನ ನಾನ್ ತತ್ತೀನಿ. ನಿನ್ನ ಎಲ್ಲಿಂದ ತರ್ಲಿ? ಬಾ.”

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಪ್ಪ ಅಮ್ಮನಿಗೆ ಅಂಥ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಮ್ಮ ಟಿ.ವಿ. ಉರುಳಿಸಿದಳು, ಸೀರೆ ಎತ್ತಿ ಕಟ್ಟಿ ಹಲಗೆ ದಾಟಿ ಸೀಟಿನ ಮೇಲೆ ಬಂದಳು. ಬಾಗಿಲಲ್ಲಿ ಅವಳ ಒಂದು ಕಾಲು ಹೊರಗೆ ಬಂದಾಗ ಅಂಚು ಹೋಯಿತು. ಸದ್ದು ದೊಡ್ಡದಲ್ಲ, ಚೀಲದಿಂದ ರಾಗಿ ಸುರಿದಂತೆ. ವ್ಯಾನಿನ ಹಿಂಭಾಗ ಗಾಳಿಯಲ್ಲಿ ನೇತಾಡಿತು. ಹಗ್ಗ ಬಿಗಿದು ಟಣ್ ಎಂದಿತು. ಹೂತ ಸ್ಲೀಪರ್ ಮರಳಿನೊಳಗೆ ಒಂದು ಗೇಣು ಜರುಗಿ, ಅಲ್ಲೇ ಕಚ್ಚಿಕೊಂಡಿತು. ಮೂರು ಕ್ಲಾಂಪುಗಳಲ್ಲಿ ಒಂದೂ ಜಾರಲಿಲ್ಲ. ಅಪ್ಪ ಅಮ್ಮನ ರಟ್ಟೆ ಹಿಡಿದು ಎಳೆದ, ಇಬ್ಬರೂ ನನ್ನ ಮೇಲೆ ಬಿದ್ದರು.

ಮರುದಿನ ಲಾರಿ ತಂದು ವ್ಯಾನನ್ನು ಎಳೆಸಿದರು. ಎಳೆಯಲು ಬಂದವರಲ್ಲಿ ಗಣಿಯ ಹಳೆಯ ರಿಗ್ಗರ್‌ಗಳಿದ್ದರು. ಅವರು ವ್ಯಾನು ನೋಡಲಿಲ್ಲ, ಹಗ್ಗದ ಕಟ್ಟು ನೋಡಿದರು. ಒಬ್ಬ ಮೂರು ಕ್ಲಾಂಪುಗಳನ್ನೂ ಬೆರಳಿಂದ ಮುಟ್ಟಿ ಎಣಿಸಿ, “ಸರಿಯಾಗಿ ಹಾಕಿವ್ನೆ” ಎಂದ. ಅಪ್ಪನಿಗೆ ಯಾವ ಸನ್ಮಾನದ ಶಾಲೂ ಅದರಷ್ಟು ಬೆಚ್ಚಗಿರಲಾರದು. ಹಗ್ಗ ಕಳಚಿದ ಡಿಶ್ ಗಾಳಿಗೆ ಬಿದ್ದು ಎರಡು ಎಸಳು ಸೊಟ್ಟಗಾಗಿದ್ದವು. ಎರಡನ್ನೇ ಬದಲಾಯಿಸಿದೆವು. ಒಂದೇ ಅಚ್ಚಿನದಾಗಿದ್ದರೆ ಪೂರ್ತಿ ಎಸೆಯಬೇಕಿತ್ತು.

ಆದರೆ ನಮ್ಮ ನಿದ್ದೆ ಹೋಯಿತು. ಅದು ಎಸಳು ಬದಲಾಯಿಸಿದಷ್ಟು ಸುಲಭವಾಗಿ ಸರಿಯಾಗಲಿಲ್ಲ. ಒಂದು ವಾರಕ್ಕೆ ನಿಜವಾದ ಏರ್‌ಬ್ಲಾಸ್ಟ್ ಆಯಿತು. ಲೈನಿನಲ್ಲಿ ಎಲ್ಲರೂ ಪಾತ್ರೆ ಹಿಡಿದು ನಿಂತರೆ ನಾವು ಮೂವರು ಬೀದಿಯಲ್ಲಿದ್ದೆವು, ಬರಿಗಾಲಲ್ಲಿ. ಎದುರು ಮನೆಯ ತಮಿಳು ಅಜ್ಜಿ ಬಾಗಿಲಿಗೆ ಬಂದು, “ಏನಪ್ಪಾ, ಕೆಳಗೆ ಇದ್ದಾಗ ಓಡ್ಲಿಲ್ಲ, ಮೇಲೆ ಬಂದು ಓಡ್ತೀಯಾ?” ಎಂದಳು. ಅಪ್ಪ ನಕ್ಕ, ಆದರೆ ಒಳಗೆ ಹೋಗಲು ಬಹಳ ಹೊತ್ತು ತೆಗೆದುಕೊಂಡ. ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರುವುದು ಯಾರೂ ಹೇಳದೆಯೇ ಮನೆಯ ಪದ್ಧತಿಯಾಯಿತು.

ಪ್ರವಾಸ ಬೇಡವೆಂದು ಅಪ್ಪ ತೀರ್ಮಾನ ಮಾಡಿದ. ವ್ಯಾನು ಮಾರಲು ಮಾವನಿಗೆ ಹೇಳಿಯೂ ಆಗಿತ್ತು. ಅಮ್ಮ ಊಟ ಬಡಿಸುತ್ತಾ ಕೇಳಿದಳು:

“ಅವತ್ತು ವ್ಯಾನೊಳಗೆ ಇದ್ದೋರು ಯಾರು?”

“ನೀನು.”

“ಓಗಾನ ಅಂತ ನಾನು ಅಂತಿದೀನಿ. ನಿಮ್ದೇನು?”

ಅಕ್ಟೋಬರಿನಲ್ಲಿ ಹೊರಟೆವು. ಹೊಸ ಟಿ.ವಿ. ಹಲಗೆಗೆ ನಾಲ್ಕು ಬೋಲ್ಟು ಹಾಕಿ ಬಿಗಿಸಿಕೊಂಡಿತ್ತು. ಡಿಶ್ಶನ್ನು ಪ್ರತಿ ಊರಿನಲ್ಲೂ ಸಮತಟ್ಟು ನೆಲದಲ್ಲೇ ಊರಿದೆವು, ಎತ್ತರದ ಮಾತು ಯಾರೂ ಆಡಲಿಲ್ಲ. ಉತ್ತರಕ್ಕೆ ಹೋದಂತೆ ನಾನು ಕೋನ ಬದಲಿಸುತ್ತಿದ್ದೆ. ನಮ್ಮೂರಿನಲ್ಲಿ ನೆತ್ತಿಯ ಹತ್ತಿರ ನೋಡುತ್ತಿದ್ದ ಡಿಶ್ ದಿನದಿನಕ್ಕೆ ದಕ್ಷಿಣದ ಕಡೆ ಬಗ್ಗುತ್ತಾ ಹೋಯಿತು. ಬೀರ್‌ಗಂಜ್ ಗಡಿಯಲ್ಲಿ ಸುಂಕದವರು ಎಸಳುಗಳನ್ನು ಹರಡಿಸಿ ಇದೇನು ಎಂದರು. ಮಾವ ತನ್ನ ಬಂಗಾರಪೇಟೆ ಉರ್ದುವಿನಲ್ಲಿ ಏನು ಹೇಳಿದನೋ, ಅವರು ನಕ್ಕು, ಅಮ್ಮನಿಗೆ ಕೈ ಮುಗಿದು ಬಿಟ್ಟರು. ಏನು ಹೇಳಿದೆ ಎಂದು ಕೇಳಿದರೆ, “ನಮ್ಮಕ್ಕಂಗೆ ನಾವು ಮೂರು ಜನ ಸಾಲ್ದು, ಅದುಕ್ಕೆ ಅಂದೆ” ಎಂದ.

ನೇಪಾಳದ ಹೆಟೌಡಾದಲ್ಲಿ ಒಂದು ಛತ್ರದ ಅಂಗಳ ಸಿಕ್ಕಿತು. ಅಲ್ಲಿ ನನ್ನ ಆರಡಿ ಡಿಶ್ ಕನ್ನಡದ ಮುಖವನ್ನು ತಂದು ನಿಲ್ಲಿಸಿತು. ಚುಕ್ಕೆಗಳಿದ್ದವು, ಆದರೆ ಮಾತು ಸ್ಪಷ್ಟವಾಗಿತ್ತು. ಆಂಧ್ರದಿಂದ ಬಂದ ಯಾತ್ರಿಕರ ಬಸ್ಸೊಂದು ಪಕ್ಕದಲ್ಲೇ ನಿಂತಿತ್ತು. ಅವರೆಲ್ಲ ವ್ಯಾನಿನ ಬಾಗಿಲಲ್ಲಿ ಜಮಾಯಿಸಿದರು. ಅಮ್ಮ ಮಂಚದ ಮೇಲೆ ಮನೆಯೊಡತಿಯಂತೆ ಕೂತು, ತೆಲುಗಿನಲ್ಲಿ ಅವರಿಗೆ ಜಾಗ ಮಾಡಿಕೊಡುತ್ತಾ, ಯಾರು ಕೂರಿಸಿದ್ದು ಎಂದು ಕೇಳಿದವರಿಗೆಲ್ಲ ನನ್ನನ್ನು ಕರೆದು ತೋರಿಸಿದಳು. ಕಟ್ಟಿದ್ದು ಯಾರು ಎಂದು ಅವರು ಕೇಳಲಿಲ್ಲ. ನಾನೇ ಅಪ್ಪನನ್ನು ತೋರಿಸಿದೆ.

ಆ ಅಂಗಳ ಹೆದ್ದಾರಿಗೆ ಅಂಟಿಕೊಂಡಿತ್ತು. ಬೆಟ್ಟ ಹತ್ತುವ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ಪ್ರತಿ ಲಾರಿಗೂ ವ್ಯಾನು ಅದುರುತ್ತಿತ್ತು. ಇವತ್ತು ಕಾವಲಿಗೆ ಯಾರು ಎಂದು ನಾನು ಕೇಳಬೇಕೆಂದಿದ್ದೆ. ಕೇಳಿದೆನೋ ಇಲ್ಲವೋ ನೆನಪಿಲ್ಲ.

ಬೆಳಿಗ್ಗೆ ಬಾಗಿಲು ಬಡಿದದ್ದು ಛತ್ರದ ಹೆಂಗಸು. ಬಿಸಿಲು ಏರಿತ್ತು. ಇಷ್ಟು ಹೊತ್ತಾದರೂ ಏಳಲಿಲ್ಲ, ಏನಾದರೂ ಆಯಿತೇ ಎಂದು ನೋಡಲು ಬಂದಿದ್ದಳು. ಆಂಧ್ರದ ಬಸ್ಸು ಯಾವಾಗಲೋ ಹೊರಟುಹೋಗಿತ್ತು, ಅದರ ಸದ್ದು ನಮಗೆ ಕೇಳಿಸಿರಲಿಲ್ಲ. ಅಪ್ಪ ಬಾಯಿ ತೆರೆದುಕೊಂಡು ಮಲಗಿದ್ದ. ಮಾವನ ಕಾಲು ಮುಂದಿನ ಸೀಟಿನಿಂದ ಕಿಟಕಿಯಾಚೆ ಚಾಚಿತ್ತು. ಅಮ್ಮ ಕಣ್ಣು ಬಿಟ್ಟು, ಹೊತ್ತೆಷ್ಟು ಎಂದು ಕೇಳಿ, ಎಂಟೂವರೆ ಎಂದಾಗ ನಾಚಿಕೊಂಡಳು. ಅದು ಮಂಗಳವಾರ, ದಿಬ್ಬದಿಂದ ಇಳಿದ ಮೇಲೆ ನಲವತ್ತೊಂದನೆಯ ದಿನ.